ತಿರುಳಿನ ಕೋಶಗಳ ಮೇಲೆ ದಂತ ಸಿಮೆಂಟ್: ಮೊದಲ ದಿನ ಸಾಯುತ್ತವೆ, ಏಳನೇ ದಿನ ಬೆಳೆದಿರುತ್ತವೆ. ಯಾವುದನ್ನು ನಂಬೋದು?

ಪೆಟ್ರಿತಟ್ಟೆ
ಬಲ್ಲವರು ಬಿಡಿಸಿ ಹೇಳಿ. ಬುದ್ಧಿಹಲ್ಲಿನ ತಿರುಳಿನಿಂದ ತೆಗೆದ ಕಾಂಡಕೋಶಗಳು, 4ನೇ ಪ್ಯಾಸೇಜ್ (ತಟ್ಟೆಯಿಂದ ತಟ್ಟೆಗೆ ನಾಲ್ಕನೇ ಸಲ ಬದಲಿಸಿ ಬೆಳೆಸಿದವು). 96 ವೆಲ್ (ಪುಟ್ಟ ಗುಳಿ) ಇರೋ ಪ್ಲೇಟ್, ವೆಲ್‌ಗೆ 5000 ಕೋಶ, ಆಲ್ಫಾ-ಎಂಇಎಂ ಮಾಧ್ಯಮ (ಕೋಶಗಳ ಪೋಷಕ ದ್ರವ), 10% ಸೀರಂ. ಸಿಮೆಂಟ್ ನಾಲ್ಕು ಬಗೆ: ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್), ಎರಡು ಪೇಸ್ಟ್ ಕಲಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ರೆಸಿನ್ ಬೆರೆತ ಗ್ಲಾಸ್ ಅಯನೋಮರ್, ಜಿಂಕ್ ಆಕ್ಸೈಡ್ ಯೂಜಿನಾಲ್ (ಯೂಜಿನಾಲ್ ಅಂದರೆ ಲವಂಗದ ಎಣ್ಣೆಯ ಅಂಶ). 5 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಬಿಲ್ಲೆಗಳು. ಒಂದೊಂದು ಬಿಲ್ಲೆಯನ್ನು 1 ಮಿ.ಲೀ. ಮಾಧ್ಯಮದಲ್ಲಿ 24 ಗಂಟೆ ನೆನೆಸಿ ಆ ಸಾರವನ್ನು ಕೋಶಗಳಿಗೆ ಹಾಕಿದ್ದು. 1, 3, 7ನೇ ದಿನ ಎಂಟಿಟಿ (ಬದುಕಿರುವ ಕೋಶ ನೇರಳೆ ಬಣ್ಣ ಬರಿಸುವ ಪರೀಕ್ಷೆ).

ಯೂಜಿನಾಲ್ ವೆಲ್‌ಗಳು ಪೂರ್ತಿ ಸ್ಮಶಾನ. ರೆಸಿನ್ ಅಯನೋಮರ್ ಮೂರೂ ದಿನ ಕೆಳಗೇ. ತಲೆ ಕೆಡಿಸಿದ್ದು ಎಂಟಿಎ: ಮೊದಲ ದಿನ ಕಂಟ್ರೋಲ್‌ನ (ಸಿಮೆಂಟ್ ಸಾರ ತಾಗದ ಕೋಶಗಳ) 70%ಕ್ಕಿಂತ, ಅಂದರೆ ವಿಷ ಅನ್ನಿಸಿಕೊಳ್ಳುವ ಗಡಿಗಿಂತ, ಕೆಳಗೆ, ಏಳನೇ ದಿನ ಕಂಟ್ರೋಲ್‌ಗೆ ಸರಿಸಮ, ಒಂದಿಷ್ಟು ಮೇಲೇ. ಹಾಗಾದರೆ ಇದು ವಿಷವೋ, ಗೊಬ್ಬರವೋ? ಇನ್ನೊಂದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ವೆಲ್‌ಗಳಲ್ಲಿ ಮಾಧ್ಯಮ ನೇರಳೆಗೆ ತಿರುಗಿ ತಳದಲ್ಲಿ ಸಣ್ಣ ಸಣ್ಣ ಹರಳು ಕೂತಿವೆ. ಖನಿಜೀಕರಣ (ಕೋಶಗಳೇ ಗಟ್ಟಿ ಖನಿಜ ಕಟ್ಟೋದು) ಇಷ್ಟು ಬೇಗ ಶುರುವಾಗುತ್ತಾ?

ಕೋಶಪಾಲಕ
ಉತ್ತರಕ್ಕೆ ಮೊದಲು ಮೂರು ಪ್ರಶ್ನೆ. ಎಂಟಿಎ ಬಿಲ್ಲೆ ಕಲಸಿ ಎಷ್ಟು ಹೊತ್ತಿಗೆ ಮಾಧ್ಯಮಕ್ಕೆ ಬಿತ್ತು? ಮೂರನೇ ದಿನ ಮಾಧ್ಯಮ ಬದಲಿಸಿದಾಗ ಮತ್ತೆ ಸಾರವನ್ನೇ ಹಾಕಿದ್ದಾ, ಬರೀ ಮಾಧ್ಯಮ ಹಾಕಿದ್ದಾ? ಕಂಟ್ರೋಲ್ ವೆಲ್‌ಗಳು ಎಷ್ಟನೇ ದಿನಕ್ಕೆ ತುಂಬಿಕೊಂಡವು?

ಪೆಟ್ರಿತಟ್ಟೆ
ಕಲಸಿ ಅಚ್ಚಿಗೆ ಒತ್ತಿ ಹತ್ತು ನಿಮಿಷಕ್ಕೆ ಹಾಕಿದ್ದು. ಮೂರನೇ ದಿನ ಬರೀ ಮಾಧ್ಯಮ. ಕಂಟ್ರೋಲ್ ನಾಲ್ಕನೇ ದಿನಕ್ಕೇ ತಳ ಕಾಣದಷ್ಟು ತುಂಬಿತ್ತು.

ಕೋಶಪಾಲಕ
ಹಾಗಾದರೆ ಗುಟ್ಟು ಅರ್ಧ ಇಲ್ಲೇ ಇದೆ.

ನೀವು ಏಳನೇ ದಿನ ಅಳೆದದ್ದು ಸಿಮೆಂಟಿನ ಪರಿಣಾಮವನ್ನಲ್ಲ. ಮೂರು ದಿನ ಸಾರದಲ್ಲಿದ್ದು ಆಮೇಲೆ ನಾಲ್ಕು ದಿನ ಬಿಡುವು ಸಿಕ್ಕ ಕೋಶಗಳ ಚೇತರಿಕೆಯನ್ನು. ಅದೂ ತಪ್ಪಲ್ಲ, ಆದರೆ ಅದಕ್ಕೆ ಚೇತರಿಕೆ ಅಂತಲೇ ಹೆಸರಿಡಬೇಕು. ಎರಡನೆಯದು ಇನ್ನೂ ಕಪಟಿ. 96 ವೆಲ್ ಪ್ಲೇಟಿನ ಒಂದು ವೆಲ್‌ನ ತಳ ಸುಮಾರು 0.32 ಚದರ ಸೆಂ.ಮೀ. ಅಲ್ಲಿ 5000 ಕೋಶ ಬಿತ್ತಿದರೆ ಕಂಟ್ರೋಲ್ ನಾಲ್ಕನೇ ದಿನಕ್ಕೆ ಜಾಗವಿಲ್ಲದೆ ನಿಂತುಬಿಡುತ್ತದೆ. ಹಿಂದೆ ಬಿದ್ದ ಗುಂಪಿಗೆ ಇನ್ನೂ ಜಾಗ ಇರುತ್ತದೆ, ಅದು ನಿಧಾನಕ್ಕೆ ಬಂದು ಅದೇ ಗೋಡೆಗೆ ತಾಗುತ್ತದೆ. ನೋಡುವವರಿಗೆ ಎಂಟಿಎ ಓಡಿ ಹಿಡಿದ ಹಾಗೆ ಕಾಣುತ್ತದೆ. ನಿಜಕ್ಕೂ ಆದದ್ದು ಕಂಟ್ರೋಲ್ ಕಾಯುತ್ತಾ ಕೂತದ್ದು.

ಏಳು ದಿನದ ಬೆಳವಣಿಗೆ ನೋಡಬೇಕಾದರೆ ವೆಲ್‌ಗೆ 1000ದಿಂದ 1500 ಸಾಕು. 5000 ಬೇಕಿದ್ದರೆ 48 ಗಂಟೆಗೆ ನಿಲ್ಲಿಸಿ.

ಗಾರೆಮೇಸ್ತ್ರಿ
ಸಾರದ ಲೆಕ್ಕವೂ ಸರಿಯಿಲ್ಲ. 5 ಮಿ.ಮೀ. ಅಗಲ 2 ಮಿ.ಮೀ. ದಪ್ಪದ ಬಿಲ್ಲೆಗೆ ಮೇಲೂ ಕೆಳಗೂ ಸೇರಿ 39 ಚದರ ಮಿ.ಮೀ., ಅಂಚಿನ ಸುತ್ತು 31. ಒಟ್ಟು ಸುಮಾರು 0.7 ಚದರ ಸೆಂ.ಮೀ. ವೈದ್ಯಕೀಯ ಸಾಧನಗಳ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10993ರ 12ನೇ ಭಾಗ ಈ ದಪ್ಪದ ಅಚ್ಚಿನ ವಸ್ತುವಿಗೆ ಕೇಳೋದು ಮಿ.ಲೀ.ಗೆ 3 ಚದರ ಸೆಂ.ಮೀ. ಅಂದರೆ ಒಂದು ಬಿಲ್ಲೆಗೆ 0.24 ಮಿ.ಲೀ. ಮಾತ್ರ. ನೀವು 1 ಮಿ.ಲೀ. ಹಾಕಿದ್ದೀರಿ, ಸಾರ ನಾಲ್ಕು ಪಟ್ಟು ತೆಳುವಾಯಿತು. ನಾಲ್ಕು ಬಿಲ್ಲೆಗೆ 0.94 ಮಿ.ಲೀ. ಅಂತ ಮಾಡಿ, 24 ವೆಲ್ ಪ್ಲೇಟಿನಲ್ಲಿ ಮುಳುಗಿಸೋದು ಸುಲಭ. ಒಂದರ ಮೇಲೊಂದು ಪೇರಿಸಬೇಡಿ, ನಡುವಿನ ಮುಖಗಳಿಗೆ ಮಾಧ್ಯಮ ಹೋಗೋದಿಲ್ಲ.

ಇಷ್ಟು ತೆಳು ಸಾರದಲ್ಲೂ ಯೂಜಿನಾಲ್ ಎಲ್ಲವನ್ನೂ ಮುಗಿಸಿದೆ ಅಂದರೆ ಅದರ ಕೈ ಎಷ್ಟು ಗಟ್ಟಿ ನೋಡಿ.

ದವಡೆಡಾಕ್ಟ್ರು
ಒಂದು ತಕರಾರು. ಯೂಜಿನಾಲ್ ಸಿಮೆಂಟನ್ನು ತಿರುಳು ಸಮಾಧಾನವಾಗಲಿ ಅಂತಲೇ ದಶಕಗಳಿಂದ ಇಡ್ತಾ ಬಂದಿದ್ದಾರೆ. ನಿಮ್ಮ ಪ್ಲೇಟಿನಲ್ಲಿ ಅದು ಕೊಲೆಗಾರ. ಅಂದರೆ ತಪ್ಪಿರೋದು ಪ್ಲೇಟಿನಲ್ಲಿ, ಸಿಮೆಂಟಿನಲ್ಲಲ್ಲ.

ಗಾರೆಮೇಸ್ತ್ರಿ
ಎರಡೂ ಸರಿ ಡಾಕ್ಟ್ರೇ, ನಡುವೆ ಡೆಂಟಿನ್ (ತಿರುಳನ್ನು ಸುತ್ತಿದ ಗಟ್ಟಿ ಪದರ) ಇದೆ ಅನ್ನೋದನ್ನು ಮರೆತರೆ ಮಾತ್ರ ಜಗಳ. ಗಟ್ಟಿಯಾದ ಸಿಮೆಂಟಿನಲ್ಲಿ ಯೂಜಿನಾಲ್ ಸತುವಿನ ಜೊತೆ ಕೀಲೇಟ್ ಆಗಿ ಕಟ್ಟಿಕೊಂಡಿರುತ್ತದೆ. ನೀರು ತಾಗಿದ ಕಡೆ ಆ ಕಟ್ಟು ಬಿಚ್ಚಿ ಯೂಜಿನಾಲ್ ಹೊರಬರುತ್ತದೆ. ಡೆಂಟಿನ್ ನಳಿಕೆಗಳಲ್ಲಿ ನೀರು ಕಡಿಮೆ, ಬಿಡುಗಡೆಯೂ ನಿಧಾನ. ಸಿಮೆಂಟಿಗೆ ಅಂಟಿದ ಡೆಂಟಿನ್‌ನಲ್ಲಿ ಲೀಟರಿಗೆ ಸುಮಾರು 10 ಮಿಲಿಮೋಲ್, ತಿರುಳಿನ ಕಡೆ ಬರುವಾಗ ಅದರ ನೂರನೇ ಒಂದು ಭಾಗ. ಮೇಲೆ ಬ್ಯಾಕ್ಟೀರಿಯಾ ಸಾಯುವಷ್ಟು, ಕೆಳಗೆ ನೋವು ತಗ್ಗುವಷ್ಟು. ಪ್ಲೇಟಿನಲ್ಲಿ ಬಿಲ್ಲೆಯ ಸುತ್ತ ನೀರೇ ನೀರು. ತಿರುಳು ತೆರೆದುಕೊಂಡ ಹಲ್ಲಿನ ಮೇಲೆ ನೇರ ಇಟ್ಟರೆ ಅಲ್ಲೂ ಪ್ಲೇಟಿನ ಕಥೆಯೇ.

ಇನ್ನೊಂದು, ಯೂಜಿನಾಲ್ ಆವಿಯಾಗುವ ವಸ್ತು. ಪಕ್ಕದ ಕಾಲಂನಲ್ಲಿ ಕಂಟ್ರೋಲ್ ಇಟ್ಟಿದ್ದರೆ ಅದಕ್ಕೂ ಸೋಕಿರಬಹುದು. ಅದಕ್ಕೆ ಬೇರೆ ಪ್ಲೇಟ್ ಇಡಿ, ಅದರೊಳಗೇ ಅದರ ಕಂಟ್ರೋಲ್ ಇರಲಿ, ಯೂಜಿನಾಲ್‌ನಿಂದ ದೂರದ ಮೂಲೆಯಲ್ಲಿ.

ಮೌನಓದುಗ
ಮೂಗಿಗೆ ಲವಂಗದ ವಾಸನೆ ಬಂದರೆ ಇನ್‌ಕ್ಯುಬೇಟರ್ ಬಾಗಿಲು ತೆರೆಯೋ ಮೊದಲೇ ಫಲಿತಾಂಶ ಗೊತ್ತಾಗುತ್ತೆ ಅನ್ನಿ 😀

ಪದಹುಳ
ವಿಷಯಾಂತರಕ್ಕೆ ಕ್ಷಮೆ. ಕೆಲವರು ದಂತಮಜ್ಜೆ ಅಂತಾರೆ, ಇಲ್ಲಿ ತಿರುಳು ಅಂತಿದ್ದೀರಿ. ಯಾವುದು ಸರಿ?

ಕೋಶಪಾಲಕ
ಮಜ್ಜೆ ಅಂದರೆ ಓದುಗನ ತಲೆ ಸೀದಾ ಅಸ್ಥಿಮಜ್ಜೆಗೆ ಹೋಗುತ್ತೆ. ಈ ವಿಷಯದಲ್ಲಿ ಅದು ಅಪಾಯ, ಏಕೆಂದರೆ ಅಸ್ಥಿಮಜ್ಜೆಯಲ್ಲೂ ಕಾಂಡಕೋಶಗಳಿವೆ. ಗ್ರೊಂಥೋಸ್ ತಂಡ 2000ದಲ್ಲಿ ಹಲ್ಲಿನ ತಿರುಳಿನ ಕಾಂಡಕೋಶ ಪ್ರತ್ಯೇಕಿಸಿದಾಗ ಹೋಲಿಸಿ ನೋಡಿದ್ದೇ ಅಸ್ಥಿಮಜ್ಜೆಯ ಕೋಶಗಳ ಜೊತೆ. ಒಂದೇ ಪ್ಯಾರಾದಲ್ಲಿ ಎರಡು ಮಜ್ಜೆ ಬಂದರೆ ಬರೆದವನಿಗೇ ಗೊಂದಲ. ತಿರುಳು ಇರಲಿ.

ಪದಹುಳ
ಒಪ್ಪಿದೆ. ಹಣ್ಣಿಗೂ ತಿರುಳು, ಹಲ್ಲಿಗೂ ತಿರುಳು.

ದವಡೆಡಾಕ್ಟ್ರು
ಮತ್ತೆ ಎಂಟಿಎಗೆ ಬನ್ನಿ. ಕಲಸಿ ಹತ್ತು ನಿಮಿಷಕ್ಕೆ ಹಾಕಿದ್ದೇ ತಪ್ಪು ಅನ್ನೋ ಹಾಗೆ ಮಾತಾಡ್ತಿದ್ದೀರಿ. ಬಾಯಲ್ಲಿ ನಾವು ಇಡೋದು ಹಸಿ ಎಂಟಿಎನೇ. ನಿನ್ನೆ ಗಟ್ಟಿಯಾದ ಬಿಲ್ಲೆಯನ್ನು ತಂದು ತಿರುಳಿನ ಮೇಲೆ ಯಾರು ಇಡ್ತಾರೆ?

ಕೋಶಪಾಲಕ
ತಪ್ಪು ಅಂದಿಲ್ಲ, ಹೇಳದೇ ಬಿಡೋದು ತಪ್ಪು. ಎಂಟಿಎ ಗಟ್ಟಿಯಾಗೋಕೆ ಎರಡೂ ಮುಕ್ಕಾಲು ಗಂಟೆ ಬೇಕು. ಕಲಸಿದಾಗ ಪಿಎಚ್ 10.2, ಮೂರು ಗಂಟೆಗೆ 12.5. ಹತ್ತನೇ ನಿಮಿಷಕ್ಕೆ ಮಾಧ್ಯಮಕ್ಕೆ ಬಿಟ್ಟರೆ ಆ ಪೂರ್ತಿ ಏರಿಕೆ ಸಾರದೊಳಗೇ ನಡೆಯುತ್ತದೆ, ಜೊತೆಗೆ ಬಿಲ್ಲೆ ಅಂಚಿನಿಂದ ಪುಡಿ ಉದುರುತ್ತದೆ. ಆ ಪುಡಿಯೂ ಕೋಶದ ಮೇಲೆ ಕೂತರೆ ಸಾರದ ಪರೀಕ್ಷೆ ಹೋಗಿ ನೇರ ಸಂಪರ್ಕದ ಪರೀಕ್ಷೆ ಆಗುತ್ತದೆ. 0.22 ಮೈಕ್ರಾನ್ ಸೋಸುಕ ಹಾಕಿ, ಪ್ರೊಟೀನ್ ಕಡಿಮೆ ಹಿಡಿಯುವ ಪೊರೆಯದು. ಮೊದಲ ಕೆಲವು ಹನಿ ಚೆಲ್ಲಿಬಿಡಿ.

ಬಾಯಿಗೂ ಪ್ಲೇಟಿಗೂ ದೊಡ್ಡ ವ್ಯತ್ಯಾಸ ಹರಿವು. ತಿರುಳಿನಲ್ಲಿ ರಕ್ತ ಓಡ್ತಾ ಇರುತ್ತೆ, ಹೈಡ್ರಾಕ್ಸಿಲ್ ಅಯಾನು ತಾಗಿದ ಜಾಗದ ತೆಳು ಪದರ ಸಾಯುತ್ತೆ, ಅದರ ಕೆಳಗಿನದು ಉಳಿಯುತ್ತೆ. ಪ್ಲೇಟಿನ ವೆಲ್ ನಿಂತ ನೀರು, ಕೋಶ ಒಂದೇ ಪದರ. ಆ ತೆಳು ಪದರ ಸತ್ತರೆ ಪ್ಲೇಟಿನಲ್ಲಿ ನೂರಕ್ಕೆ ನೂರು ಸಾವು. ಅದಕ್ಕೇ ಎರಡು ಸಾಲು ಇಡಿ: ಹಸಿ, ಮತ್ತು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ತೇವದಲ್ಲಿ 24 ಗಂಟೆ ಗಟ್ಟಿಯಾದದ್ದು. ಎರಡಕ್ಕೂ ಪೂರ್ಣ ಸಾರ, ಆಮೇಲೆ 1:1, 1:3, 1:7 ತೆಳು. ಎಂಟಿಎ ತೆಳು ಸಾರದಲ್ಲಿ ಕೋಶಗಳು ಚೆನ್ನಾಗಿ ಹೆಚ್ಚುವುದು ಹಲವು ಕಡೆ ಕಂಡದ್ದೇ. ಕ್ಯಾಲ್ಸಿಯಂ ಹದವಾಗಿದ್ದರೆ ಪ್ರಚೋದನೆ, ಮಿತಿ ಮೀರಿದರೆ ಪೆಟ್ಟು.

ದವಡೆಡಾಕ್ಟ್ರು
ಇದಾದರೆ ಒಪ್ಪುತ್ತೇನೆ.

ಸಾಲುಪಟ್ಟಿ
ನಾಲ್ಕು ಸಿಮೆಂಟ್, ಎಂಟು ವೆಲ್ ಇಟ್ಟು ಎನ್ (ಸ್ವತಂತ್ರ ಮಾದರಿಗಳ ಸಂಖ್ಯೆ) ಅಂದರೆ 8 ಅಂತ ಬರೆಯೋರಿದ್ದಾರೆ. ಒಂದೇ ಹಲ್ಲಿನ ಕೋಶವಾದರೆ ಎನ್ ಅಂದರೆ 1. ವೆಲ್‌ಗಳು ಪಿಪೆಟ್ ಕೈಚಳಕ ಅಳೆಯುತ್ತವೆ ಅಷ್ಟೇ. ಕನಿಷ್ಠ ಮೂರು ಬೇರೆ ದಾನಿಗಳು, ಪ್ರತಿ ದಾನಿಗೂ ಹೊಸದಾಗಿ ಕಲಸಿದ ಸಿಮೆಂಟ್. ಒಂದೇ ಸಾರವನ್ನು ಮೂವರ ಕೋಶಕ್ಕೂ ಹಂಚಿದರೆ ಕಲಸುವಿಕೆಯ ಏರುಪೇರು ಲೆಕ್ಕಕ್ಕೇ ಬರೋದಿಲ್ಲ.

ಪೆಟ್ರಿತಟ್ಟೆ
ಒಬ್ಬರೇ ದಾನಿ 🙈 ಹರಳಿನ ವಿಷಯ ಯಾರೂ ಹೇಳಲಿಲ್ಲ.

ಗಾರೆಮೇಸ್ತ್ರಿ
ಅದು ಖನಿಜೀಕರಣ ಅಲ್ಲ, ಬರೀ ರಸಾಯನಶಾಸ್ತ್ರ ಅನ್ನಿಸುತ್ತೆ. ಆಲ್ಫಾ-ಎಂಇಎಂನಲ್ಲಿ ಕ್ಯಾಲ್ಸಿಯಂ ಆಗಲೇ ಲೀಟರಿಗೆ 1.8 ಮಿಲಿಮೋಲ್ ಇದೆ, ಫಾಸ್ಫೇಟ್ ಸುಮಾರು 1. ಮೇಲಿಂದ ಸಿಮೆಂಟ್ ಇನ್ನಷ್ಟು ಕ್ಯಾಲ್ಸಿಯಂ ಸುರಿದು ಪಿಎಚ್ ಏರಿಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಕೂರುತ್ತದೆ. ಇನ್‌ಕ್ಯುಬೇಟರಿನ ಕಾರ್ಬನ್ ಡೈಆಕ್ಸೈಡ್ ಕರಗಿ ಕ್ಯಾಲ್ಸಿಯಂ ಕಾರ್ಬನೇಟ್ ಕೂಡ. ಜೊತೆಗೆ ಮಾಧ್ಯಮದ ಫಾಸ್ಫೇಟ್ ಖಾಲಿಯಾಗುತ್ತೆ, ಕೋಶ ಸೊರಗಿದರೆ ಅದಕ್ಕೆ ಈ ಹಸಿವೂ ಕಾರಣ ಇರಬಹುದು.

ಕೋಶವೇ ಇಲ್ಲದ ವೆಲ್‌ಗೆ ಅದೇ ಸಾರ ಹಾಕಿ ಅಷ್ಟೇ ದಿನ ಇಡಿ. ಅಲ್ಲೂ ಹರಳು ಬಂದರೆ ಉತ್ತರ ಸಿಕ್ಕಿತು.

ಕೋಶಪಾಲಕ
ಅದಕ್ಕೆ ಸೇರಿಸಿ: ಅಲಿಜರಿನ್ ರೆಡ್ ಮಾಡುವವರು ಇಲ್ಲೇ ಮೋಸ ಹೋಗೋದು. 2% ಬಣ್ಣ, ಪಿಎಚ್ 4.2ರ ಆಸುಪಾಸು. ಅದು ಕ್ಯಾಲ್ಸಿಯಂ ಕಂಡಲ್ಲೆಲ್ಲ ಕೆಂಪಾಗುತ್ತದೆ, ಕೋಶ ಮಾಡಿದ್ದೋ ಸಿಮೆಂಟ್ ಉದುರಿಸಿದ್ದೋ ಅದಕ್ಕೆ ಗೊತ್ತಿಲ್ಲ. ಕೆಂಪು ಬಂತು ಅಂತ ಸಂಭ್ರಮಿಸೋ ಮೊದಲು ಡೆಂಟಿನ್ ಕಟ್ಟುವಾಗ ಚುರುಕಾಗುವ ಡಿಎಸ್‌ಪಿಪಿ, ಡಿಎಂಪಿ-1 ಜೀನ್‌ಗಳ ಅಭಿವ್ಯಕ್ತಿ ನೋಡಿ. ಕೋಶ ಖನಿಜ ಕಟ್ಟಲಿ ಅಂತ ಹಾಕುವ ಪ್ರೇರಕ ಮಾಧ್ಯಮದಲ್ಲಿ ಫಾಸ್ಫೇಟ್ ಮೂಲವಾದ ಬೀಟಾ-ಗ್ಲಿಸರೊಫಾಸ್ಫೇಟ್ 10 ಮಿಲಿಮೋಲ್ ಇದ್ದರೆ ಹರಳು ಕೂರೋದು ಇನ್ನೂ ಸಲೀಸು.

ನೇರಳೆ ಬಣ್ಣಕ್ಕೆ ಬೆಚ್ಚಬೇಡಿ, ಪಿಎಚ್ ಏರಿದರೆ ಮಾಧ್ಯಮಕ್ಕೆ ಆ ಬಣ್ಣ ಬರುತ್ತೆ. ಬೈಕಾರ್ಬನೇಟ್ ಇರೋ ಮಾಧ್ಯಮವನ್ನು ಹೊರಗೆ ಮೇಜಿನ ಮೇಲಿಟ್ಟರೆ ಸಿಮೆಂಟ್ ಇಲ್ಲದೆಯೂ ನೇರಳೆಯಾಗುತ್ತೆ. ಸಾರವನ್ನು ಮುಚ್ಚಳ ಸಡಿಲ ಮಾಡಿ 5% ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎರಡು ಮೂರು ಗಂಟೆ ಇಟ್ಟು, ತೆಗೆದ ತಕ್ಷಣ ಪಿಎಚ್ ಅಳೆಯಿರಿ. ಆಗಲೂ ಏರಿದ್ದರೆ ಅದು ಸಿಮೆಂಟಿನ ಕೆಲಸ.

ಮೌನಓದುಗ
ಪಿಎಚ್ ಏರಿದ್ದರೆ ಎರಡು ಹನಿ ಆಮ್ಲ ಹಾಕಿ 7.4ಕ್ಕೆ ತಂದರಾಯ್ತಲ್ಲ?

ಗಾರೆಮೇಸ್ತ್ರಿ
ತಂದರೆ ಪರೀಕ್ಷಿಸ್ತಿರೋದು ಬೇರೆ ವಸ್ತು. ಕ್ಷಾರ ಈ ಸಿಮೆಂಟಿನ ಗುಣವೇ, ದೋಷ ಅಲ್ಲ. ಬೇಕಾದರೆ ಪಿಎಚ್ ಸರಿಪಡಿಸಿದ ಸಾಲನ್ನು ಪಕ್ಕದಲ್ಲಿ ಬೇರೆಯಾಗಿ ಇಡಿ. ಎರಡರ ನಡುವಿನ ಅಂತರ ಕ್ಷಾರದ ಪಾಲು ಎಷ್ಟು ಅಂತ ಹೇಳುತ್ತೆ.

ದವಡೆಡಾಕ್ಟ್ರು
ರೆಸಿನ್ ಅಯನೋಮರ್ ಬಗ್ಗೆ ಯಾರಾದರೂ ಬಾಯಿ ಬಿಡಿ. ಅದನ್ನು ಲೈನರ್ (ಹಲ್ಲು ತುಂಬುವ ಮೊದಲು ತಳಕ್ಕೆ ಬಳಿಯುವ ತೆಳು ಪದರ) ಆಗಿ ದಿನಾ ಬಳಸೋರಿದ್ದಾರೆ.

ಗಾರೆಮೇಸ್ತ್ರಿ
ಅದರ ಖಳನಾಯಕ ಹೇಮಾ, ಅಂದರೆ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ಅಣುತೂಕ 130, ನೀರಿನಲ್ಲಿ ಸರಾಗ ಬೆರೆಯುತ್ತೆ, ಡೆಂಟಿನ್ ನಳಿಕೆಯಲ್ಲಿ ತಡೆಯಿಲ್ಲದೆ ಇಳಿಯುತ್ತೆ. ಕೋಶದೊಳಗೆ ಹೋಗಿ ಗ್ಲುಟಾಥಯೋನ್ ಕಬಳಿಸುತ್ತೆ. ಅದು ಬರಿದಾದರೆ ಆಕ್ಸಿಜನ್‌ನ ಉಗ್ರ ರೂಪಗಳನ್ನು ತಣಿಸೋರೇ ಇಲ್ಲ. ಕೋಶ ಮೊದಲು ವಿಭಜನೆ ನಿಲ್ಲಿಸುತ್ತೆ, ಆಮೇಲೆ ಅಪೊಪ್ಟೋಸಿಸ್, ಅಂದರೆ ತನ್ನನ್ನು ತಾನೇ ಕೊಂದುಕೊಳ್ಳೋದು. ಮಾಧ್ಯಮಕ್ಕೆ ಅವನ್ನು ತಣಿಸುವ ಎನ್-ಅಸಿಟೈಲ್ ಸಿಸ್ಟೀನ್ ಸೇರಿಸಿದರೆ ಹಾನಿ ತಗ್ಗೋದು ಇದೇ ಕಾರಣಕ್ಕೆ.

ಆದರೆ ಎಷ್ಟು ಹೇಮಾ ಹೊರಬರುತ್ತೆ ಅನ್ನೋದು ಬಿಲ್ಲೆ ಮಾಡಿದ ಕೈಮೇಲಿದೆ. 2 ಮಿ.ಮೀ. ದಪ್ಪಕ್ಕೆ ಮೇಲಿಂದ ಮಾತ್ರ ಬೆಳಕು ಬಿಟ್ಟರೆ ತಳ ಅರೆಬೆಂದಿರುತ್ತೆ. ತೆರೆದ ಮುಖದಲ್ಲಿ ಗಾಳಿಯ ಆಕ್ಸಿಜನ್ ತಾಗಿ ಅಂಟು ಪದರ ಉಳಿಯುತ್ತೆ, ಆ ಪದರದ ತುಂಬಾ ಬಿಡಿ ಮಾನೋಮರ್ (ಬೆಸೆದುಕೊಳ್ಳದೆ ಉಳಿದ ರೆಸಿನ್ ಅಣು). ಮೇಲೂ ಕೆಳಗೂ ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್) ಪಟ್ಟಿ ಇಟ್ಟು ಗಾಜಿನ ಚೂರಿನಿಂದ ಒತ್ತಿ, ಎರಡೂ ಕಡೆ 20 ಸೆಕೆಂಡ್ ಬೆಳಕು. ದೀಪದ ತುದಿಯನ್ನು ರೇಡಿಯೋಮೀಟರ್‌ಗೆ ಹಿಡಿದು ನೋಡಿ, ತುದಿಯಲ್ಲಿ ಒಣಗಿದ ರೆಸಿನ್ ಅಂಟಿದ್ದರೆ ಬೆಳಕು ಅರ್ಧಕ್ಕರ್ಧ ಹೋಗಿರಬಹುದು. ದೀಪ ಮಂಕಾಗಿದ್ದಕ್ಕೆ ಸಿಮೆಂಟನ್ನು ದೂರೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕೋಶಪಾಲಕ
ಬಿಲ್ಲೆಯ ಕ್ರಿಮಿಶುದ್ಧಿ ಹೇಗೆ ಮಾಡಿದಿರಿ? ಎಥನಾಲ್‌ನಲ್ಲಿ ಅದ್ದಿದ್ದರೆ ಅರ್ಧ ಮಾನೋಮರ್ ಅಲ್ಲೇ ತೊಳೆದುಹೋಯ್ತು. ಆಟೋಕ್ಲೇವ್‌ಗೆ ಹಾಕಿದ್ದರೆ ಅಯನೋಮರ್ ಬಿರುಕು ಬಿಟ್ಟಿರುತ್ತೆ. ಅಚ್ಚು, ಚಮಚ ಎಲ್ಲ ಮೊದಲೇ ಶುದ್ಧ ಮಾಡಿ ಹುಡ್ ಒಳಗೇ ಬಿಲ್ಲೆ ಎರಕ ಹೊಯ್ಯೋದು ಮೇಲು, ಆಮೇಲೆ ಒಂದೊಂದು ಮುಖಕ್ಕೆ 20–30 ನಿಮಿಷ ಯುವಿ.

ಪೆಟ್ರಿತಟ್ಟೆ
70% ಎಥನಾಲ್, ಐದು ನಿಮಿಷ. ಮೈಲಾರ್ ಇರಲಿಲ್ಲ.

ಕೋಶಪಾಲಕ
ಒಂದು ತಪ್ಪು ವಿಷ ಏರಿಸಿತು, ಇನ್ನೊಂದು ಇಳಿಸಿತು. ಒಟ್ಟು ಎಷ್ಟು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಸಾಲುಪಟ್ಟಿ
ಎಂಟಿಟಿ ಬಗ್ಗೆಯೂ ಒಂದು ಮಾತು. ಅದು ಕೋಶ ಎಣಿಸೋದಿಲ್ಲ, ಡಿಹೈಡ್ರೋಜಿನೇಸ್ ಕಿಣ್ವಗಳ ಚಟುವಟಿಕೆ ಅಳೆಯುತ್ತೆ. ಕೋಶ ಅಷ್ಟೇ ಇದ್ದು ಉಸಿರಾಟ ಜೋರಾದರೂ ನೇರಳೆ ಹೆಚ್ಚುತ್ತೆ. 'ಬೆಳವಣಿಗೆ' ಅಂತ ಶೀರ್ಷಿಕೆ ಕೊಡೋ ಹಾಗಿದ್ದರೆ ಜೊತೆಗೆ ಡಿಎನ್‌ಎ ಪ್ರಮಾಣ, ಇಲ್ಲವೇ ಇಡಿಯು ಗುರುತು (ಹೊಸ ಡಿಎನ್‌ಎ ಕಟ್ಟುತ್ತಿರುವ ಕೋಶ ತೋರಿಸುವಂಥದ್ದು), ಕೊನೆಗೆ ಟ್ರಿಪ್ಸಿನ್ ಹಾಕಿ ಹೀಮೋಸೈಟೋಮೀಟರ್ ಎಣಿಕೆಯಾದರೂ ಇರಲಿ.

ಕೋಶವಿಲ್ಲದ ವೆಲ್‌ಗೆ ಸಾರ ಮತ್ತು ಎಂಟಿಟಿ ಹಾಕಿ ಖಾಲಿ ಓದು ತೆಗೆಯಿರಿ. ಕೆಲವು ಸಾರಗಳು ಕೋಶದ ನೆರವಿಲ್ಲದೇ ಬಣ್ಣ ಬರಿಸುತ್ತವೆ. ಸಾರವನ್ನು ಪೂರ್ತಿ ಹೀರಿ ತೆಗೆದು, ಒಮ್ಮೆ ತೊಳೆದು, ಹೊಸ ಮಾಧ್ಯಮದಲ್ಲಿ ಮಿ.ಲೀ.ಗೆ 0.5 ಮಿ.ಗ್ರಾಂ. ಎಂಟಿಟಿ, ಮೂರು ಗಂಟೆ, ಆಮೇಲೆ ಡಿಎಂಎಸ್‌ಒ, 570 ನ್ಯಾನೋಮೀಟರ್. ತೊಳೆಯುವಾಗ ಅರೆಜೀವದ ಕೋಶ ಎದ್ದುಹೋಗದ ಹಾಗೆ ಪಿಪೆಟ್ ತುದಿಯನ್ನು ಗೋಡೆಗೆ ಆನಿಸಿ ಬಿಡಿ.

ಮೌನಓದುಗ
ಡೆಂಟಿನ್ ಕಟ್ಟೋದು ಒಡಾಂಟೊಬ್ಲಾಸ್ಟ್ ತಾನೇ? ಅವು ಎಷ್ಟು ಹೆಚ್ಚಾದವು ಅಂತ ಎಣಿಸಿದರೆ ಸಾಲದೇ?

ಕೋಶಪಾಲಕ
ಒಡಾಂಟೊಬ್ಲಾಸ್ಟ್ ವಿಭಜಿಸೋದೇ ಇಲ್ಲ. ಸತ್ತರೆ ಸತ್ತಿತು. ತಿರುಳಿನೊಳಗಿನ ಕಾಂಡಕೋಶ ಗಾಯದ ಕಡೆ ಸರಿದು, ಹೆಚ್ಚಿ, ಒಡಾಂಟೊಬ್ಲಾಸ್ಟ್‌ನಂಥ ಕೋಶವಾಗಿ ಮಾರ್ಪಟ್ಟು ಸೇತುವೆ (ಗಾಯ ಮುಚ್ಚುವ ಡೆಂಟಿನ್‌ನಂಥ ಗಟ್ಟಿ ಪದರ) ಕಟ್ಟುತ್ತೆ. ಹೆಚ್ಚೋದು ಮತ್ತು ಮಾರ್ಪಡೋದು ಒಂದಕ್ಕೊಂದು ಎದುರು ಬದುರು. ಮಾರ್ಪಾಡು ಶುರುವಾದರೆ ವಿಭಜನೆ ತಗ್ಗುತ್ತೆ. ಹಾಗಾಗಿ 14ನೇ ದಿನ ಕೋಶ ಕಡಿಮೆ ಇದೆ ಅಂತ ಸಿಮೆಂಟಿಗೆ ಕೆಟ್ಟ ಹೆಸರು ಕೊಡೋ ಮೊದಲು ಮಾರ್ಪಾಡಿನ ಗುರುತಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ನೋಡಿ.

ದವಡೆಡಾಕ್ಟ್ರು
ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕೂಡ ಸೇತುವೆ ಕಟ್ಟಿಸುತ್ತೆ. 1920ರ ದಶಕದಿಂದ ಹಲ್ಲಿನೊಳಗಿದೆ. ಅದನ್ನು ಬಿಟ್ಟು ಎಲ್ಲರೂ ಎಂಟಿಎ ಹಿಂದೆ ಬಿದ್ದಿದ್ದು ಬರೀ ಫ್ಯಾಷನ್ನಾ?

ಗಾರೆಮೇಸ್ತ್ರಿ
ಸೇತುವೆ ಕಟ್ಟಿಸುತ್ತೆ, ಆದರೆ ಆ ಸೇತುವೆಯಲ್ಲಿ ಆರಪಾರ ಸುರಂಗಗಳು ಸಾಮಾನ್ಯ. ಮೇಲಿನ ಪೇಸ್ಟ್ ಕಾಲಕ್ರಮೇಣ ಕರಗಿ ಪೊಳ್ಳು ಬಿಡುತ್ತೆ, ಆ ದಾರಿಯಲ್ಲಿ ಬ್ಯಾಕ್ಟೀರಿಯಾ ಇಳಿಯುತ್ತೆ. ಎಂಟಿಎ ಗಟ್ಟಿಯಾಗಿ ಜಾಗ ಬಿಡದೆ ನಿಲ್ಲುತ್ತೆ. ತಮಾಷೆ ಏನಂದರೆ ಎರಡೂ ಬಿಡುಗಡೆ ಮಾಡೋದು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ.

ಮೌನಓದುಗ
ಎಂಟಿಎ ಅಂದರೆ ಮನೆ ಕಟ್ಟೋ ಸಿಮೆಂಟೇ ಅಂತಾರಲ್ಲ, ನಿಜವೇ?

ಗಾರೆಮೇಸ್ತ್ರಿ
ಮುಕ್ಕಾಲು ಪಾಲು ನಿಜ, ಅಕ್ಷರಶಃ. ಲೋಮಾ ಲಿಂಡಾ ವಿಶ್ವವಿದ್ಯಾಲಯದ ತೊರಾಬಿನೆಜಾದ್ ತಂಡ 1993ರಲ್ಲಿ ತಂದ ಎಂಟಿಎ 75% ಪೋರ್ಟ್‌ಲ್ಯಾಂಡ್ ಸಿಮೆಂಟ್, 20% ಬಿಸ್ಮತ್ ಆಕ್ಸೈಡ್, 5% ಜಿಪ್ಸಂ. ಬಿಸ್ಮತ್ ಎಕ್ಸ್‌ರೇಯಲ್ಲಿ ಕಾಣಲಿ ಅಂತ. ಹಾಗಂತ ಕಟ್ಟಡದ ಚೀಲದಿಂದ ಹಿಡಿ ತೆಗೆದು ಕೋಶಕ್ಕೆ ಹಾಕೋ ಹಾಗಿಲ್ಲ, ಕಣದ ಗಾತ್ರಕ್ಕೂ ಭಾರ ಲೋಹಗಳ ಅಂಶಕ್ಕೂ ಅಲ್ಲಿ ಈ ಮಟ್ಟದ ಹಿಡಿತ ಇರೋದಿಲ್ಲ.

ದವಡೆಡಾಕ್ಟ್ರು
ಆ ಬಿಸ್ಮತ್‌ನ ಕಾಟವೂ ಇದೆ. ರಕ್ತ ನಿಲ್ಲಿಸೋಕೆ ಸೋಡಿಯಂ ಹೈಪೋಕ್ಲೋರೈಟ್ ಹತ್ತಿ ಇಟ್ಟು, ಸರಿಯಾಗಿ ತೊಳೆಯದೆ ಎಂಟಿಎ ಇಟ್ಟರೆ ಹಲ್ಲು ಕಪ್ಪಾಗುತ್ತೆ. ಮುಂದಿನ ಹಲ್ಲಿಗೆ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇರೋ ಬಯೋಡೆಂಟಿನ್ ಥರದ ಸಿಮೆಂಟೇ ಲೇಸು. ಹನ್ನೆರಡು ನಿಮಿಷದ ಸುಮಾರಿಗೆ ಗಟ್ಟಿಯೂ ಆಗುತ್ತೆ.

ಗಾರೆಮೇಸ್ತ್ರಿ
ಆಗುತ್ತೆ, ಹನಿ ಸರಿಯಾಗಿ ಎಣಿಸಿದರೆ. ಕ್ಯಾಪ್ಸೂಲನ್ನು ಮೇಜಿಗೆ ತಟ್ಟಿ ಪುಡಿ ಸಡಿಲ ಮಾಡಿ, ಐದೇ ಹನಿ, 30 ಸೆಕೆಂಡ್ ಯಂತ್ರದಲ್ಲಿ ಅಲ್ಲಾಡಿಸಿ. ಶೀಶೆಯ ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ ಒಂದು ಹನಿ ಅರ್ಧವಾಗಿ ಬೀಳುತ್ತೆ, ಆಗ ಪುಡಿಪುಡಿ. ಆರನೇ ಹನಿ ಬಿದ್ದರೆ ಗಂಜಿ, ಗಟ್ಟಿಯಾಗೋದು ತಡ, ಸಾರಕ್ಕೆ ಇಳಿಯೋ ಕ್ಷಾರವೂ ಹೆಚ್ಚು. ಪ್ರಯೋಗದಲ್ಲಿ ಬಿಲ್ಲೆಯಿಂದ ಬಿಲ್ಲೆಗೆ ಓದು ಏರುಪೇರಾದರೆ ನಾನು ಮೊದಲು ಅನುಮಾನಿಸೋದು ಈ ಹನಿಯನ್ನೇ.

ದವಡೆಡಾಕ್ಟ್ರು
ಇಷ್ಟೆಲ್ಲ ಆದಮೇಲೂ ನನ್ನ ಹಳೇ ಮಾತು: ಡೆಂಟಿನ್ ಇಲ್ಲದ ಪರೀಕ್ಷೆ ತೆರೆದ ತಿರುಳಿಗೆ ಮಾತ್ರ ಹೊಂದುತ್ತೆ. ಅರ್ಧ ಮಿ.ಮೀ. ಡೆಂಟಿನ್ ಉಳಿದಿದ್ದರೆ ವಿಷ ಕಾಲು ಭಾಗಕ್ಕಿಳಿಯುತ್ತೆ, 1 ಮಿ.ಮೀ. ಇದ್ದರೆ ಹತ್ತನೇ ಒಂದು ಭಾಗಕ್ಕೆ. ಜಿಂಕ್ ಫಾಸ್ಫೇಟ್ ಸಿಮೆಂಟ್ ಕಲಸಿದ ಎರಡು ನಿಮಿಷಕ್ಕೆ ಪಿಎಚ್ 2ರ ಹತ್ತಿರ, ಆದರೂ ಕಿರೀಟ ಅಂಟಿಸಿದ ಹಲ್ಲುಗಳು ಬದುಕಿಲ್ಲವೇ? ಡೆಂಟಿನ್ನಿನ ಅಪಟೈಟ್ ಖನಿಜ ಆಮ್ಲವನ್ನು ನುಂಗಿಕೊಳ್ಳುತ್ತೆ.

ಕೋಶಪಾಲಕ
ದಂತ ವಸ್ತುಗಳ ಮಾನದಂಡ ಐಎಸ್‌ಒ 7405ರಲ್ಲಿ ಅದಕ್ಕೇ ಡೆಂಟಿನ್ ತಡೆಗೋಡೆಯ ಪರೀಕ್ಷೆ ಇದೆ. 500 ಮೈಕ್ರಾನ್ ಡೆಂಟಿನ್ ಬಿಲ್ಲೆ, ಮೇಲೆ ಸಿಮೆಂಟ್, ಕೆಳಗೆ ಕೋಶ. ಬಿಲ್ಲೆಯ ಸ್ಮಿಯರ್ ಪದರ (ಕೊಯ್ದಾಗ ಮೇಲೆ ಮೆತ್ತುವ ಪುಡಿ) ತೆಗೆಯದಿದ್ದರೆ ನಳಿಕೆ ಮುಚ್ಚಿ ಎಲ್ಲ ಸಿಮೆಂಟೂ ಸಾಧು ಥರ ಕಾಣುತ್ತೆ. ತೆಗೆದ ಮೇಲೆ ಪ್ರತಿ ಬಿಲ್ಲೆಯ ಸೋರಿಕೆ ಅಳೆದು, ಒಂದೇ ಥರದವನ್ನು ಗುಂಪುಗಳಿಗೆ ಹಂಚಬೇಕು. ತಿರುಳಿನ ಹತ್ತಿರದ ಡೆಂಟಿನ್‌ನಲ್ಲಿ ನಳಿಕೆ ಹೆಚ್ಚು, ಅಗಲವೂ ಹೆಚ್ಚು. ಒಂದು ಗುಂಪಿಗೆ ಆಳದ ಬಿಲ್ಲೆ, ಇನ್ನೊಂದಕ್ಕೆ ಮೇಲಿನದು ಹೋದರೆ ಅಳೆದದ್ದು ಹಲ್ಲನ್ನು, ಸಿಮೆಂಟನ್ನಲ್ಲ.

ಸಾಲುಪಟ್ಟಿ
ಕಂಟ್ರೋಲ್ ಮಾಧ್ಯಮವನ್ನೂ ಬಿಲ್ಲೆಯಿಲ್ಲದೆ 24 ಗಂಟೆ 37 ಡಿಗ್ರಿಯಲ್ಲಿ ಇಟ್ಟಿದ್ದಿರಾ? ಫ್ರಿಜ್‌ನಿಂದ ತಾಜಾ ತೆಗೆದು ಹಾಕಿದರೆ ಗ್ಲುಟಮಿನ್ ವ್ಯತ್ಯಾಸವೇ ಕಂಟ್ರೋಲ್‌ಗೆ ಲಾಭ ಕೊಡುತ್ತೆ.

ಪೆಟ್ರಿತಟ್ಟೆ
ಇಟ್ಟಿದ್ದೆ! ಒಂದಾದರೂ ಸರಿ ಮಾಡಿದ್ದೀನಿ.

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಾರವನ್ನು ಕೋಶವಿಲ್ಲದ ಆರು ವೆಲ್‌ಗೆ ಹಾಕಿ ಇಟ್ಟೆ. ಎರಡು ದಿನ ಕಳೆದು ಈಗ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಆರರಲ್ಲೂ ಅದೇ ಹರಳು, ಅದೇ ಗಾತ್ರ. ಒಂದು ವೆಲ್‌ಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ಕೆಲವು ಹರಳಿನ ಸುತ್ತ ಗುಳ್ಳೆ ಎದ್ದವು, ಉಳಿದವು ಸುಮ್ಮನೆ ಕರಗಿದವು.

ಗಾರೆಮೇಸ್ತ್ರಿ
ಗುಳ್ಳೆ ಬಂದದ್ದು ಕಾರ್ಬನೇಟ್, ಸುಮ್ಮನೆ ಕರಗಿದ್ದು ಬಹುಶಃ ಫಾಸ್ಫೇಟ್. ಅಲಿಜರಿನ್ ಬಾಟಲಿ ಸದ್ಯಕ್ಕೆ ಕಪಾಟಿನಲ್ಲೇ ಇರಲಿ.

ಪೆಟ್ರಿತಟ್ಟೆ
ಸೋಮವಾರ 1200 ಕೋಶದಿಂದ ಶುರು. ಯೂಜಿನಾಲ್‌ಗೆ ಬೇರೆ ಪ್ಲೇಟ್.